ಎರಡು ಅಡಿ ಟ್ಯಾಂಕಿನಲ್ಲಿ ಯಾವ ಮೀನುಗಳನ್ನು ಒಟ್ಟಿಗೆ ಇಡಬಹುದು?

ಡೊಂಬಿವಲಿಯ ನಿಮ್ಮ ಮನೆಗೆ ಎರಡು ಅಡಿ ಟ್ಯಾಂಕ್ ತಂದಿದ್ದೀರಿ. ಮಗಳಿಗೆ ಗೋಲ್ಡ್ ಫಿಶ್, ಏಂಜೆಲ್, ನಿಯಾನ್ ಟೆಟ್ರಾ, ಗಪ್ಪಿ ನಾಲ್ಕೂ ಬೇಕಂತೆ, ಒಟ್ಟಿಗೆ ಇಡಬಹುದಾ ಅಂತ ಕೇಳಿದ್ದೀರಿ. ಬೇಡ. ಈ ನಾಲ್ಕರಲ್ಲಿ ನಿಮಗೆ ಹೊಂದುವುದು ಗಪ್ಪಿ ಒಂದೇ.

ಅಂಗಡಿಯಲ್ಲಿ ನಮಗೆ ಕಾಣುವುದು ಮರಿಗಳು. ಅಲ್ಲೇ ನಾವು ಎಡವುವುದು. ಗೋಲ್ಡ್ ಫಿಶ್ ಬೆಳೆದರೆ ಹತ್ತಿರ ಹತ್ತಿರ ಗೇಣುದ್ದ ಆಗುತ್ತದೆ, ಗಲೀಜೂ ಜಾಸ್ತಿ. ಅದು ತಣ್ಣೀರಿನ ಮೀನು ಬೇರೆ. ಏಂಜೆಲ್ ಅಂಗೈ ಅಗಲ ಆಗುತ್ತದೆ. ಆಗ ಬಾಯಿಗೆ ಹಿಡಿಸುವ ನಿಯಾನ್ ಟೆಟ್ರಾವನ್ನು ನುಂಗಿಬಿಡುತ್ತದೆ. ನಿಮ್ಮ ಟ್ಯಾಂಕ್ ಅಗಲ, ಎತ್ತರ ಒಂದೊಂದು ಅಡಿ ಇದ್ದರೆ ಹಿಡಿಯುವುದು 56 ಲೀಟರ್. ಕಲ್ಲು ಮರಳು ಹಾಕಿದ ಮೇಲೆ 50 ಲೀಟರ್ ಕೂಡ ಉಳಿಯುವುದಿಲ್ಲ.

ಇನ್ನೊಂದು ವಿಷಯ ನಮ್ಮ ಮುಂಬೈ ಸೆಕೆ. ನಾನಿರುವುದು ಮುಲುಂಡಿನಲ್ಲಿ. ಮೇ ತಿಂಗಳಲ್ಲಿ ನನ್ನ ಟ್ಯಾಂಕಿನ ನೀರು 31 ಡಿಗ್ರಿ ಮುಟ್ಟುತ್ತದೆ. ನಿಯಾನ್ ಟೆಟ್ರಾಗೆ 26ರ ಒಳಗೇ ಹಿತ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಇಲ್ಲಿ ಹೀಟರ್‌ಗಿಂತ ಏರ್ ಪಂಪ್ ಮುಖ್ಯ. ಬೇಸಿಗೆಯಲ್ಲಿ ಮುಚ್ಚಳದ ಬದಲು ಬಲೆ ಹಾಕಿ, ನೀರಿನ ಮೇಲೆ ಚಿಕ್ಕ ಫ್ಯಾನ್ ಗಾಳಿ ಬಿಡಿ.

ನನ್ನ ಮೊದಲ ಟ್ಯಾಂಕಿಗೆ ಗಪ್ಪಿಗಳ ಜೊತೆ ಮೂರು ಟೈಗರ್ ಬಾರ್ಬ್ ತಂದಿದ್ದೆ. "ಸಬ್ ಸಾಥ್ ಮೇ ರಹೇಗಾ", ಎಲ್ಲ ಒಟ್ಟಿಗೇ ಇರುತ್ತವೆ ಅಂದಿದ್ದರು ಅಂಗಡಿಯವರು. ನಾಲ್ಕೇ ದಿನದಲ್ಲಿ ಗಪ್ಪಿಗಳ ಬಾಲ ಹರಿದು ಚಿಂದಿಯಾಗಿತ್ತು. ಒಂದೊಂದಾಗಿ ಸತ್ತವು. ಅದನ್ನು ನೋಡುವುದು ತುಂಬಾ ಕಷ್ಟ, ನಿಮ್ಮ ಮಗಳಿಗೆ ಆ ನೋವು ಬೇಡ. ಟೈಗರ್ ಬಾರ್ಬ್ ಗುಂಪಿನ ಮೀನು. ಎಂಟು ಹತ್ತು ಇದ್ದರೆ ಹೆಚ್ಚಾಗಿ ತಮ್ಮತಮ್ಮಲ್ಲೇ ಅಟ್ಟಾಡುತ್ತವೆ, ಎರಡು ಮೂರೇ ಇದ್ದರೆ ಪಕ್ಕದವರನ್ನು ಕಚ್ಚುತ್ತವೆ. ಉದ್ದ ಬಾಲದ ಮೀನಿನ ಜೊತೆ ಮಾತ್ರ ಹೇಗೂ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏಳು ಹಾರ್ಲೆಕ್ವಿನ್ ರಾಸ್ಬೋರಾ, ಒಂದು ಹನಿ ಗೌರಾಮಿ (honey gourami), ಐದು ಗಂಡು ಗಪ್ಪಿ ಇಡುತ್ತಿದ್ದೆ. ರಾಸ್ಬೋರಾಗಳು ಒಟ್ಟಾಗಿ ತಿರುಗುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಹನಿ ಗೌರಾಮಿ ನಮ್ಮ ಭಾರತ, ಬಾಂಗ್ಲಾದ ಕಡೆಯ ಸಾಧು ಮೀನು, ಎರಡು ಇಂಚು ದಾಟುವುದು ಕಡಿಮೆ. ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತದೆ, ಹಾಗಾಗಿ ಸೆಕೆಗೆ ಅಷ್ಟಾಗಿ ಸೋಲುವುದಿಲ್ಲ. ಗಪ್ಪಿ ಗಂಡೇ ಯಾಕೆ ಅಂದರೆ, ಹೆಣ್ಣು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಗಂಡಿನ ಜೊತೆ ಸೇರಿದ ಹೆಣ್ಣು, ಆಮೇಲೆ ಒಂಟಿಯಾಗಿದ್ದರೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಗಾಜು ಕ್ಲೀನ್ ಮಾಡುತ್ತದೆ ಅಂತ ಸಕ್ಕರ್ ಫಿಶ್ ಕೊಡಲು ಬರುತ್ತಾರೆ, ತಗೋಬೇಡಿ. ಅದು ಒಂದು ಅಡಿಗೂ ಮೀರಿ ಬೆಳೆಯಬಹುದು.

ಆದರೆ ಮೀನು ತರಲು ಈ ಭಾನುವಾರವೇ ಕ್ರಾಫರ್ಡ್ ಮಾರ್ಕೆಟ್‌ಗೆ ಓಡಬೇಡಿ. ಮೊದಲು ಟ್ಯಾಂಕಿಗೆ ನೀರು ತುಂಬಿ, ಕ್ಲೋರಿನ್ ತೆಗೆಯುವ ಔಷಧಿ ಹಾಕಿ, ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಮೀನಿನ ಆಹಾರ ಹಾಕಿ ನಾಲ್ಕರಿಂದ ಆರು ವಾರ ಸುಮ್ನೆ ಬಿಡಿ. ಆ ಆಹಾರ ಕೊಳೆತು ಅಮೋನಿಯಾ ಬರುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯಬೇಕು. ಹೊಸ ಟ್ಯಾಂಕಿನ ಮೀನು ವಾರದಲ್ಲೇ ಸಾಯುವುದು ಹೆಚ್ಚಾಗಿ ಈ ಅಮೋನಿಯಾದಿಂದಲೇ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದ ಆಗುವ ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು ತನ್ನಿ. ಸ್ಪಂಜನ್ನು ಯಾವತ್ತೂ ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೀರಲ್ಲ, ಆಗ ತೆಗೆದ ನೀರಿನಲ್ಲೇ ಹಿಂಡಿ.

ಮೊದಲು ರಾಸ್ಬೋರಾ ಬರಲಿ. ಎರಡು ವಾರ ಬಿಟ್ಟು ಗೌರಾಮಿ, ಆಮೇಲೆ ಗಪ್ಪಿ. ಯಾವ ಬಣ್ಣದ ಬಾಲದ್ದು ಬೇಕು ಅನ್ನುವುದನ್ನು ನಿಮ್ಮ ಮಗಳೇ ಆರಿಸಲಿ.