ಬೇಸಿಗೆಯಲ್ಲಿ ಒಣಗುವ ಜೌಗನ್ನು ಕೆರೆ ಮಾಡಬಾರದೇಕೆ?

ಕೊಡಗಿನ ವಿಶ್ವವಿದ್ಯಾಲಯವೊಂದರ ಆವರಣಕ್ಕೆ ತಾಗಿಕೊಂಡು, ಮಳೆಗಾಲದಲ್ಲಿ ನೀರು ನಿಂತು ಬೇಸಿಗೆಯಲ್ಲಿ ಬರಿಯ ಹುಲ್ಲುಗಾವಲಾಗುವ ನೆಲವನ್ನು ಕೆರೆಯಾಗಿ ಆಳಗೊಳಿಸಿ, ಸುತ್ತ ಮರ ನೆಟ್ಟರೆ ಸಂರಕ್ಷಣೆಯಾಗದೇ ಎಂದು ಕೇಳಿದ್ದೀರಿ. ಆಗುವುದಿಲ್ಲ, ಒಣಗುವುದೇ ಆ ನೆಲದ ಜೀವಾಳ.

ವರ್ಷಕ್ಕೊಮ್ಮೆ ನೀರು ಪೂರ್ತಿ ಬತ್ತುವುದರಿಂದ ಅಲ್ಲಿ ಮೀನುಗಳು ನೆಲೆಯೂರಲಾರವು. ಜೂನ್‌ನಲ್ಲಿ ಮುಂಗಾರು ಹಿಡಿದೊಡನೆ ಕಪ್ಪೆಗಳು ಇಡುವ ಮೊಟ್ಟೆಗಳಿಗೆ ಈ ಮೀನಿಲ್ಲದ ನೀರೇ ರಕ್ಷಣೆ. ನೀರು ಇಂಗುವ ಮೊದಲೇ ಎಷ್ಟೋ ಜಾತಿಯ ಗೊದಮೊಟ್ಟೆಗಳು ಕೆಲವೇ ವಾರಗಳಲ್ಲಿ ಕಪ್ಪೆಗಳಾಗಿ ದಡ ಸೇರುತ್ತವೆ. ಶಾಶ್ವತ ಕೆರೆಯಾದರೆ ಅವುಗಳಲ್ಲಿ ಬಹುಪಾಲು ಮೀನಿನ ಪಾಲಾಗುತ್ತವೆ. ನೀರು ಇಳಿದಾಗ ಮಣ್ಣಿಗೆ ಗಾಳಿಯಾಡಿ, ಕೊಳೆತ ಸಸ್ಯಗಳು ಗೊಬ್ಬರವಾಗಿ, ಎಳೆಹುಲ್ಲು ಚಿಗುರುತ್ತದೆ. ನಾಗರಹೊಳೆಯ ಹಡ್ಲುಗಳಲ್ಲಿ, ಅಂದರೆ ತೇವ ಹಿಡಿದಿಡುವ ಜೇಡಿಮಣ್ಣಿನ ತಗ್ಗುಗಳಲ್ಲಿ, ಆನೆ, ಕಾಟಿ, ಜಿಂಕೆಗಳು ಮೇಯುವುದನ್ನು ಕಂಡವರಿಗೆ ಅಂತಹ ಹುಲ್ಲಿನ ಬೆಲೆ ಗೊತ್ತು.

ಬಿಸಿಲನ್ನು ಬೇಡುವ ಹುಲ್ಲು ಮರದ ನೆರಳಿನಲ್ಲಿ ಸೊರಗುತ್ತದೆ. ಆದ್ದರಿಂದ ಅಲ್ಲಿ ಗಿಡ ನೆಡುವ ಬದಲು ಲಂಟಾನ ಪೊದೆಗಳನ್ನು ಕೀಳುವುದು, ಹುಲ್ಲನ್ನು ಒಮ್ಮೆಲೇ ಕೊಯ್ಯದೆ ಭಾಗಭಾಗವಾಗಿ ಕೊಯ್ಯುವುದು, ಎಲ್ಲಕ್ಕಿಂತ ಮುಖ್ಯವಾಗಿ ನೀರು ಬಸಿದುಹೋಗುವಂತೆ ಚರಂಡಿ ತೋಡದಿರುವುದು ಮತ್ತು ಕಟ್ಟಡ ಕಾಮಗಾರಿಯ ಮಣ್ಣನ್ನು ಸುರಿಯದಿರುವುದು ಅಗತ್ಯ.