ವೈರಿಂಗ್ ಕೆಟ್ಟಿದೆಯಾ, ಸ್ಕ್ಯಾನ್ ಮಾಡಿಸಲಾ?

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ. ಎರಡು ವರ್ಷದಿಂದ ವಿಪರೀತ ಆತಂಕ. ರಾತ್ರಿ ಊರಿಂದ ಫೋನ್ ಬಂದರೆ ಸಾಕು, ಎತ್ತುವ ಮೊದಲೇ ಎದೆ ಡವಡವ. ಸುಮ್ನೆ ಕೂತಾಗಲೇ ಜಾಸ್ತಿ. ಇಸಿಜಿ, ಥೈರಾಯ್ಡ್ ಎಲ್ಲಾ ನಾರ್ಮಲ್. ಆತಂಕ ಇರುವವರ ಮೆದುಳಿನ ‘ಕನೆಕ್ಷನ್’ ಬೇರೆ ಥರ ಇರುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಎಂಆರ್‌ಐ ಮಾಡಿಸಿದರೆ ಗೊತ್ತಾಗುತ್ತದಾ?
– ಹೆಸರು ಬೇಡ, ಸಕಲೇಶಪುರ

ಉತ್ತರ: ಇದೊಂದಕ್ಕೇ ಅಂತ ಎಂಆರ್‌ಐಗೆ ದುಡ್ಡು ಸುರಿಯಬೇಡಿ. ಬೇರೆ ಕಾರಣಕ್ಕೆ ನಿಮ್ಮ ಡಾಕ್ಟರು ಬರೆದುಕೊಟ್ಟರೆ ಆ ಮಾತು ಬೇರೆ.

ವಿಡಿಯೋ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ‘ಕನೆಕ್ಷನ್’ ಅಂದ ಕೂಡಲೇ ನಾವು ಕಿತ್ತುಹೋದ ವೈರ್ ನೆನೆಸಿಕೊಳ್ಳುತ್ತೇವೆ, ಅದೇ ತಪ್ಪು. 1995ರಲ್ಲಿ ಸಂಶೋಧಕ ಭರತ್ ಬಿಸ್ವಾಲ್ ಮತ್ತು ಜೊತೆಗಾರರು, ಸ್ಕ್ಯಾನರ್‌ನಲ್ಲಿ ಏನೂ ಮಾಡದೆ ಮಲಗಿದವರ ಮೆದುಳಿನಲ್ಲೂ ಎಡಗೈ, ಬಲಗೈ ಆಡಿಸುವ ಜಾಗಗಳ ಸಿಗ್ನಲ್ ಒಟ್ಟಿಗೇ ಏರಿ ಇಳಿಯುವುದನ್ನು ತೋರಿಸಿದರು. ಎದುರುಬದುರು ಎರಡು ಮನೆಗಳ ದೀಪ ದಿನಾ ಒಂದೇ ಹೊತ್ತಿಗೆ ಹತ್ತಿ ಆರಿದರೆ, ಇವರಿಬ್ಬರಿಗೂ ಏನೋ ಸಂಬಂಧ ಇದೆ ಅಂದುಕೊಳ್ಳುತ್ತೇವೆ ಅಲ್ವಾ? ಈ ‘ಕನೆಕ್ಷನ್’ ಅಂಥದ್ದು. ಅದೂ ಸ್ಕ್ಯಾನರ್ ನೇರವಾಗಿ ನೋಡುವುದು ಯೋಚನೆಯನ್ನಲ್ಲ, ರಕ್ತದ ಆಮ್ಲಜನಕದ ಏರಿಳಿತವನ್ನು.

ಸುಮ್ನೆ ಕೂತಾಗಲೇ ಜಾಸ್ತಿ ಅಂದಿರಲ್ಲ, ಅದು ಕುತೂಹಲದ ಮಾತು. ಕೈಯಲ್ಲಿ ಕೆಲಸ ಇಲ್ಲದಾಗ ಚುರುಕಾಗುವ ಒಂದು ಜಾಲ ಮೆದುಳಿನಲ್ಲಿದೆ, ಡೀಫಾಲ್ಟ್ ಮೋಡ್ ನೆಟ್‌ವರ್ಕ್. ನಿನ್ನೆ ಆಡಿದ ಮಾತು, ನಾಳೆ ಕಟ್ಟಬೇಕಾದ ಕಂತು, ಎಲ್ಲಾ ಮೆಲುಕು ಹಾಕುವಾಗ ಇದು ಕೆಲಸ ಮಾಡುತ್ತಿರುತ್ತದೆ. ಇನ್ನೊಂದು ಸೇಲಿಯನ್ಸ್ ನೆಟ್‌ವರ್ಕ್, ‘ಇದನ್ನು ಗಮನಿಸು’ ಅಂತ ಎಚ್ಚರಿಸುವುದು. ಎದೆಬಡಿತವನ್ನೂ ಅದೇ ಆಲಿಸುತ್ತದೆ. ಆತಂಕದ ತೊಂದರೆ ಇರುವವರಲ್ಲಿ ಈ ಜಾಲಗಳ ಒಡನಾಟ, ಹಾಗೆಯೇ ಅಪಾಯದ ಸುಳಿವು ಹಿಡಿಯುವ, ಬಾದಾಮಿ ಆಕಾರದ ಅಮಿಗ್ಡಲಾಕ್ಕೂ ಅದನ್ನು ಸಮಾಧಾನ ಮಾಡುವ ಹಣೆಹಿಂದಿನ ಭಾಗಕ್ಕೂ ಇರುವ ಹೊಂದಾಣಿಕೆ ಬೇರೆಯಾಗಿರುವುದು ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ, ಆದರೆ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ, ಎಲ್ಲಾ ಗುಂಪಿನ ಸರಾಸರಿ. ಒಬ್ಬರ ಫಿಲ್ಮ್ ಹಿಡಿದು ‘ನಿಮಗೆ ಆತಂಕದ ಕಾಯಿಲೆ’ ಅಂತ ಹೇಳಲು ಆಗುವುದಿಲ್ಲ.

ಅಮಿಗ್ಡಲಾವನ್ನೇ ‘ಭಯದ ಸ್ವಿಚ್’ ಅನ್ನುವವರನ್ನೂ ನಂಬಬೇಡಿ. ಎರಡೂ ಕಡೆಯ ಅಮಿಗ್ಡಲಾ ಹಾಳಾಗಿದ್ದ ಮೂವರು ಮಹಿಳೆಯರಿಗೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದ ಗಾಳಿ ಉಸಿರಾಡಿಸಿದಾಗ ಮೂವರೂ ಗಾಬರಿಬಿದ್ದರು. ಇದು ಪ್ರಕಟವಾದದ್ದು 2013ರಲ್ಲಿ. ಅವರಲ್ಲೊಬ್ಬರು ಹಾವು ಕಂಡರೂ ಹೆದರದವರು!

ಈ ಹೊಂದಾಣಿಕೆ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಮಾತಿನ ಚಿಕಿತ್ಸೆಯ ನಂತರ ಬದಲಾದದ್ದೂ ಸ್ಕ್ಯಾನ್‌ಗಳಲ್ಲಿ ಕಂಡಿದೆ. ಸಿಬಿಟಿ ಅನ್ನುವ, ಯೋಚನೆ ಮತ್ತು ನಡವಳಿಕೆಯ ರೂಢಿ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಮಾತ್ರೆಯೂ ಇದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಹೋಗಲು ಸಂಕೋಚವಾದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಯವರೆಗೆ ಒಂದು ನೋಟ್‌ಬುಕ್ ಇಡಿ: ಫೋನ್ ಬಂದಾಗ ಏನಾಗಿರಬಹುದು ಅಂದುಕೊಂಡಿರಿ, ಎತ್ತಿದ ಮೇಲೆ ನಿಜವಾಗಿ ಏನಿತ್ತು. ಡಾಕ್ಟರ ಹತ್ತಿರ ಅದನ್ನೇ ಒಯ್ಯಿರಿ.

ಅಂದಹಾಗೆ, ಸಕಲೇಶಪುರದವರು ಕಾಫಿ ಎಷ್ಟು ಲೋಟ ಅಂತ ಬರೆದೇ ಇಲ್ಲ. ಸಂಜೆಯದನ್ನು ಮೊದಲು ಬಿಟ್ಟು ನೋಡಿ.