ನಿಮ್ಮ ಆಮೆಯ ಬಲಗಾಲು ಇನ್ನೊಮ್ಮೆ ನೋಡಿ

ನಮಸ್ಕಾರ ಮೇಡಂ,

ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನಿಂದ ನೀವು ಕಳಿಸಿದ ‘ನಮ್ಮ ಮನೆಯ ಬಾಕ್ಸ್ ಟರ್ಟಲ್ ಯಾವ ಉಪಜಾತಿ?’ ಲೇಖನವನ್ನು ಎರಡು ಸಲ ಓದಿದೆ. ನಿಮ್ಮ ಆಮೆ ಗುಂಡನ ಫೋಟೋಗಳನ್ನು ಅದಕ್ಕಿಂತ ಜಾಸ್ತಿ ಸಲ ನೋಡಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಮಾತಿನ ವಿಷಯ. ‘ಗುಂಡನ ಉಪಜಾತಿ ಯಾವುದು ಅಂತ ಬಂದವರೆಲ್ಲ ಕೇಳುತ್ತಾರೆ’ ಅನ್ನುವ ಸಾಲು ಓದಿ ನಮ್ಮ ಪುಟ ಕಟ್ಟುವ ಹುಡುಗ, ‘ಸರ್, ಇದು ವಧೂವರರ ಕಾಲಂಗೆ ಹೋಗಬೇಕಾ?’ ಅಂದ. ಒಂದು ಸಲ ‘ಉಪಪ್ರಭೇದ’ ಅಂತ ಹೇಳಿ, ಆಮೇಲೆ ‘ಒಳಬಗೆ’ ಅನ್ನಿ, ಸಾಕು. ‘ನೀರಾಮೆ’ ಅನ್ನುವುದೂ ಬೇಡ. ಬಾಕ್ಸ್ ಟರ್ಟಲ್ ಕೆರೆ ಆಮೆಗಳ ಕುಟುಂಬದ್ದು ನಿಜ, ಆದರೆ ಬದುಕುವುದು ನೆಲದ ಮೇಲೆ, ತರಗೆಲೆಯ ನಡುವೆ. ಇಂಗ್ಲಿಷಿನವರಿಗೆ ಟರ್ಟಲ್ ಬೇರೆ, ಟಾರ್ಟಾಯ್ಸ್ ಬೇರೆ. ನಮಗೆ ಎರಡೂ ಆಮೆಯೇ ಅಲ್ವಾ? ಸುಮ್ನೆ ಆಮೆ ಅನ್ನಿ.

‘ಬಾಕ್ಸ್’ ಯಾಕೆ ಅಂತ ವಿವರಿಸಿರುವ ಜಾಗ ಮಾತ್ರ ಸೊಗಸಾಗಿದೆ. ಹೊಟ್ಟೆ ಕಡೆಯ ಚಿಪ್ಪಿಗೆ ಅಡ್ಡಡ್ಡ ಒಂದು ಕೀಲು. ಹೆದರಿದರೆ ‘ಉಸ್’ ಅಂತ ಉಸಿರು ಬಿಟ್ಟು ಒಳಗೆ ಸರಿದು, ಕುಂಕುಮದ ಭರಣಿ ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತದೆ ಎಂದಿದ್ದೀರಿ. ಆ ಭರಣಿಯನ್ನು ನಾನು ಮುಟ್ಟುವುದಿಲ್ಲ.

ಈಗ ದೊಡ್ಡ ತಕರಾರು. ಎರಡನೇ ಪ್ಯಾರಾದಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀರಿ: ಹಿಂಗಾಲಲ್ಲಿ ಮೂರು ಬೆರಳು, ಆದ್ದರಿಂದ ಇದು ತ್ರೀ-ಟೋಡ್ ಬಾಕ್ಸ್ ಟರ್ಟಲ್. 2007ರಿಂದ ಮಿಸೌರಿಯ ಅಧಿಕೃತ ಸರೀಸೃಪವೂ ಅದೇ ಆದ್ದರಿಂದ ನಿಮಗೆ ಅನುಮಾನವೇ ಬಂದಿಲ್ಲ. ನೀವೇ ಕಳಿಸಿದ ನಾಲ್ಕನೇ ಫೋಟೋ ದೊಡ್ಡದು ಮಾಡಿ ನೋಡಿ. ಎಡಗಾಲಲ್ಲಿ ಮೂರು ಉಗುರು. ಬಲಗಾಲಲ್ಲಿ ನಾಲ್ಕು. ನಾಲ್ಕನೆಯದು ಅಕ್ಕಿನುಚ್ಚಿನಷ್ಟೇ ಇದೆ, ಆದರೆ ಇದೆ.

ಹಾಗಂತ ನಿಮ್ಮ ಊಹೆ ತಪ್ಪು ಅಂತಲ್ಲ. ತ್ರೀ-ಟೋಡ್‌ನಲ್ಲೂ ನಾಲ್ಕು ಬೆರಳಿನವು ಇರುತ್ತವೆ. ಫ್ಲೋರಿಡಾ ಅನ್ನುವ ಒಳಬಗೆಗೂ ಸಾಮಾನ್ಯವಾಗಿ ಮೂರೇ ಬೆರಳು. ಬೆರಳು ಒಂದು ಸಾಕ್ಷಿ ಅಷ್ಟೇ. ಉಳಿದ ಸಾಕ್ಷಿಗಳನ್ನು ನೀವು ಕರೆಸಲೇ ಇಲ್ಲ. ತ್ರೀ-ಟೋಡ್‌ನ ಚಿಪ್ಪು ಹೆಚ್ಚಾಗಿ ಒಣ ಎಲೆಯ ಬಣ್ಣದ್ದು, ಗುರುತುಗಳು ಕಡಿಮೆ. ತಲೆ ಮತ್ತು ಮುಂಗಾಲಿನ ಮೇಲೆ ಕಿತ್ತಳೆ ಚುಕ್ಕೆ. ಈಸ್ಟರ್ನ್ ಅನ್ನುವ ಒಳಬಗೆಗೆ ಕಡುಗಂದು ಚಿಪ್ಪಿನ ಮೇಲೆ ಹಳದಿ-ಕಿತ್ತಳೆ ಚಿತ್ತಾರ, ಒಂದರ ಹಾಗೆ ಇನ್ನೊಂದಿಲ್ಲ. ಫ್ಲೋರಿಡಾದ್ದು ಕಪ್ಪು ಚಿಪ್ಪು, ಅದರ ಮೇಲೆ ಹಳದಿ ಗೆರೆಗಳು ಕಿರಣದಂತೆ ಹರಡಿರುತ್ತವೆ. ಗಲ್ಫ್ ಕೋಸ್ಟ್‌ನದು ಎಲ್ಲಕ್ಕಿಂತ ದೊಡ್ಡದು, ಚಿಪ್ಪಿನ ಹಿಂದಿನ ಅಂಚು ಹೊರಗೆ ಅರಳಿರುತ್ತದೆ. ನಿಮ್ಮ ರಾಜ್ಯದಲ್ಲೇ ಸಿಗುವ ಆರ್ನೇಟ್ ಬೇರೆಯೇ ಪ್ರಭೇದ: ಬೆನ್ನು ಚಪ್ಪಟೆ, ಹೊಟ್ಟೆಯ ಚಿಪ್ಪಿನ ಮೇಲೂ ಗೆರೆಗಳು. ಗುಂಡನ ಚಿಪ್ಪು ಒಣ ಎಲೆಯ ಬಣ್ಣದ್ದೇ, ಆದರೆ ಭುಜದ ಹತ್ತಿರ ಒಂದೆರಡು ಹಳದಿ ಗೀಟು ಇದೆ. ಈಸ್ಟರ್ನ್ ಮತ್ತು ತ್ರೀ-ಟೋಡ್ ಸೀಮೆಗಳು ಕೂಡುವ ಕಡೆ ಎರಡೂ ಬೆರೆಯುತ್ತವೆ. ಇದು ಹಾಗೆ ಬೆರೆತದ್ದೂ ಆಗಿರಬಹುದು.

ನಿಮ್ಮ ಲೇಖನದ ಅತ್ಯಂತ ಬೆಲೆಯುಳ್ಳ ಸಾಲು ಒಂಬತ್ತನೇ ಪ್ಯಾರಾದಲ್ಲಿ ಅಡಗಿ ಕೂತಿದೆ: ‘ಊರು ಬಿಡುವಾಗ ಸಹೋದ್ಯೋಗಿಯೊಬ್ಬರು ಕೊಟ್ಟರು, ಅವರಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ.’ ಅಲ್ಲಿಂದಲೇ ಶುರು ಮಾಡಿ. ಒಳಬಗೆ ಅನ್ನುವುದೇ ಬಹುಮಟ್ಟಿಗೆ ಊರಿನ ಲೆಕ್ಕ. ಕಾಡಿನಲ್ಲಿ ಸಿಕ್ಕ ಆಮೆಗೆ ನಕ್ಷೆ ನೋಡಿಯೇ ಅರ್ಧ ಉತ್ತರ ಹೇಳಬಹುದು. ಕೈಯಿಂದ ಕೈಗೆ ಬಂದದ್ದಕ್ಕೆ ಆ ಅರ್ಧವೇ ಇಲ್ಲ. ಸಾಲದ್ದಕ್ಕೆ, ತ್ರೀ-ಟೋಡ್ ಒಳಬಗೆಯಲ್ಲ, ಪ್ರತ್ಯೇಕ ಪ್ರಭೇದವೇ ಅಂತ ಡಿಎನ್‌ಎ ನೋಡಿ ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಇದನ್ನು ಓದುಗರಿಂದ ಮುಚ್ಚಿಡಬೇಡಿ. ನಿಮ್ಮ ಹುಡುಕಾಟವೇ ಲೇಖನ.

‘ಹೆಸರು ತಿಳಿದು ಏನಾಗಬೇಕು?’ ಅಂತ ಓದುಗರು ಖಂಡಿತ ಕೇಳುತ್ತಾರೆ. ಉತ್ತರ ನಿಮ್ಮ ಲೇಖನದಲ್ಲಿ ಇಲ್ಲ. ಆರ್ನೇಟ್ ಹುಲ್ಲುಗಾವಲಿನದು, ಅದಕ್ಕೆ ಒಣ ನೆಲ ಒಗ್ಗುತ್ತದೆ. ಫ್ಲೋರಿಡಾ, ಗಲ್ಫ್ ಕೋಸ್ಟ್‌ನವಕ್ಕೆ ತೇವ ಬೇಕೇ ಬೇಕು. ಒಂದಕ್ಕೆ ಮಾಡಿದ ಗೂಡಿನಲ್ಲಿ ಇನ್ನೊಂದು ಸೊರಗುತ್ತದೆ. ಇದಕ್ಕೆ ಒಂದು ಪ್ಯಾರಾ ಕೊಡಿ.

ಚಿಪ್ಪಿನ ಉಂಗುರ ಎಣಿಸಿ ‘ಗುಂಡನಿಗೆ 23 ವರ್ಷ’ ಎಂದಿರುವುದನ್ನು ತೆಗೆಯಿರಿ. ಬೆಳೆದ ಆಮೆಯಲ್ಲಿ ಉಂಗುರಗಳು ಸವೆದಿರುತ್ತವೆ, ಲೆಕ್ಕ ನಿಲ್ಲುವುದಿಲ್ಲ. ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಗಂಡಿನ ಕಣ್ಣು ಸಾಮಾನ್ಯವಾಗಿ ಕೆಂಪು, ಬಾಲದ ಬುಡ ದಪ್ಪ. ನಿಮ್ಮ ಫೋಟೋದಲ್ಲಿ ಕಣ್ಣು ಕಂದು, ಬಾಲ ಸಣ್ಣ. ಅದು ಗುಂಡಮ್ಮ ಇರಬಹುದು.

ಕೊನೆಯಲ್ಲಿ ಅದನ್ನು ಊರಾಚೆಯ ಕಾಡಿಗೆ ಬಿಟ್ಟು ಬರುವ ಕನಸು ಬರೆದಿದ್ದೀರಿ. ಓದಿದರೆ ಕಣ್ಣು ತುಂಬುತ್ತದೆ, ಆದರೆ ಬರೆಯಲೂ ಬೇಡಿ, ಮಾಡಲೂ ಬೇಡಿ. ಈ ಆಮೆ ಸಾಮಾನ್ಯವಾಗಿ ಹುಟ್ಟಿದ ಕಡೆಯ ಕೆಲವೇ ಎಕರೆಯಲ್ಲಿ ಆಯುಷ್ಯ ಕಳೆಯುವ ಪ್ರಾಣಿ. ಬೇರೆ ಕಡೆ ಬಿಟ್ಟರೆ ಮನೆ ಹುಡುಕುತ್ತಾ ಅಲೆದು ರಸ್ತೆಗೆ ಬರುತ್ತದೆ. ರಾನಾವೈರಸ್‌ನಂಥ ರೋಗವನ್ನು ಕಾಡಿನ ಆಮೆಗಳಿಗೆ ಹಚ್ಚಲೂಬಹುದು. ಎಲ್ಲಿಯ ಬಗೆ ಅಂತ ಗೊತ್ತಿಲ್ಲದೆ ಇದ್ದರೆ ಅಲ್ಲಿಯ ತಳಿಯೂ ಕಲಬೆರಕೆಯಾಗುತ್ತದೆ.

‘ಕರ್ನಾಟಕದವರೂ ಒಂದು ಆಮೆ ಸಾಕಿ ನೋಡಿ’ ಅನ್ನುವ ಸಾಲನ್ನು ನಾನೇ ಹೊಡೆದುಹಾಕಿದೆ. ಅದೃಷ್ಟ ಬರುತ್ತದೆ ಅಂತ ನಕ್ಷತ್ರ ಆಮೆ ತಂದಿಟ್ಟುಕೊಳ್ಳುವವರು ಇಲ್ಲಿ ಈಗಾಗಲೇ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ನಿಮ್ಮ 2,200 ಪದ 900ಕ್ಕೆ ಇಳಿಯಲಿ. ಮೇಲಿನಿಂದ, ಹೊಟ್ಟೆ ಕಡೆಯಿಂದ, ಮುಖದ ಪಕ್ಕದಿಂದ ಹೊಸ ಫೋಟೋ ಬೇಕು, ಪಕ್ಕದಲ್ಲಿ ಸ್ಕೇಲ್ ಇಟ್ಟು. ಎಲ್ಲಕ್ಕಿಂತ ಮೊದಲು ಕಾಲು ತೊಳೆದು ಬಲ ಹಿಂಗಾಲಿನ ಫೋಟೋ ಕಳಿಸಿ. ಅದು ಉಗುರಲ್ಲ, ಅಂಟಿದ ಮಣ್ಣು ಅಂತಾದರೆ ನಾಲ್ಕನೇ ಬೆರಳನ್ನು ನಾನು ವಾಪಸ್ ತೆಗೆದುಕೊಳ್ಳುತ್ತೇನೆ.

ಇಂತಿ,
ಸಂಪಾದಕ